ಕಾರ್ಖಾನೆಯ ಪತ್ರವಿಲ್ಲದ ಪಿಎಚ್‌ಡಿ

ಪ್ರಾಂಶುಪಾಲರು ಪ್ರತಿ ಜೂನ್ ತಿಂಗಳಲ್ಲೂ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಮೇಡಂ, ನಿಮ್ಮ ಪಿಎಚ್‌ಡಿ ಎಲ್ಲಿಗೆ ಬಂತು?" ಮೂಡುಬಿದಿರೆ ಕಡೆಯ ಆ ಇಂಜಿನಿಯರಿಂಗ್ ಕಾಲೇಜಿಗೆ ನಾನು ಸೇರಿದಾಗ ಎಂ.ಟೆಕ್ ಸಾಕಿತ್ತು. ಆಮೇಲೆ ನಿಯಮ ಬದಲಾಗಿ, ಪಿಎಚ್‌ಡಿ ಇಲ್ಲದವರಿಗೆ ಬಡ್ತಿ ಇಲ್ಲ ಎಂದಾಯಿತು. "ಇನ್ನೂ ಗೈಡ್ ಸಿಕ್ಕಿಲ್ಲ ಸರ್" ಎಂಬ ಮಾತು ಎಷ್ಟು ವರ್ಷ ನಡೆದೀತು? ಕಡೆಗೆ ಪ್ರವೇಶ ಪರೀಕ್ಷೆ ಬರೆದು, ಸಂದರ್ಶನಕ್ಕೆ ಹೋಗಿ, ಹೆಸರು ನೋಂದಾಯಿಸಿದೆ.

ನನ್ನ ವಿಷಯ ಇಂಡಸ್ಟ್ರಿಯಲ್ ಇಂಜಿನಿಯರಿಂಗ್. ಒಂದು ಕಾರ್ಖಾನೆಯಲ್ಲಿ ಯಂತ್ರ, ಮನುಷ್ಯ, ಸಾಮಾನು ಒಂದನ್ನೊಂದು ಎಲ್ಲೆಲ್ಲಿ ಕಾಯಿಸುತ್ತವೆ, ಆ ಕಾಯುವಿಕೆಯನ್ನು ಕಡಿಮೆ ಮಾಡುವುದು ಹೇಗೆ ಎಂದು ನೋಡುವ ವಿದ್ಯೆ ಅದು. ಅದರ ಗಣಿತಕ್ಕೆ ಆಪರೇಶನ್ಸ್ ರಿಸರ್ಚ್ ಎನ್ನುತ್ತಾರೆ. ಬೆಳಿಗ್ಗೆ ನಾನೇ ಪಾಠ ಮಾಡಿ, ಮಧ್ಯಾಹ್ನ ಮತ್ತೆ ವಿದ್ಯಾರ್ಥಿನಿಯಾಗಿ ಕೋರ್ಸ್‌ವರ್ಕ್ ಪರೀಕ್ಷೆಗಳಿಗೆ ಓದಿದೆ. ಸಂಭವನೀಯತೆಯ ಪತ್ರಿಕೆಯಲ್ಲಿ ಹೇಗೋ ಪಾರಾದೆ. ಅದಾದ ಮೇಲೆ ಮೂರ್ನಾಲ್ಕು ಮಂದಿ ಪ್ರೊಫೆಸರರ ಎದುರು ಕೂತು ಎಲ್ಲ ವಿಷಯಕ್ಕೂ ಬಾಯಲ್ಲೇ ಉತ್ತರ ಹೇಳುವ ಪರೀಕ್ಷೆಯೂ ಮುಗಿಯಿತು. ಇನ್ನೇನು, ಪುಸ್ತಕಗಳಲ್ಲಿ ಸಿಗುವ ಅಂಕಿಗಳನ್ನು ಹಿಡಿದು ಪ್ರಬಂಧ ಬರೆದು ಮುಗಿಸುವ ಎಂದುಕೊಂಡಿದ್ದೆ. ನನ್ನ ಗೈಡ್ ಒಪ್ಪಲಿಲ್ಲ. ಅವರು ನಮ್ಮ ಕಾಲೇಜಿನವರೇ, ನಿವೃತ್ತಿಯ ಅಂಚಿನಲ್ಲಿದ್ದವರು, ಮಿತಭಾಷಿ.

"ನೋಡಿ ಮೇಡಂ, ಬೇರೆಯವರು ಬೇಯಿಸಿದ ಅನ್ನವನ್ನು ನೀವು ಪುನಃ ಬಿಸಿ ಮಾಡಿದರೆ ಅದು ಅಡುಗೆ ಆಗುವುದಿಲ್ಲ. ಯಾವುದಾದರೂ ಕಾರ್ಖಾನೆಗೆ ಹೋಗಿ ಕೂತುಕೊಳ್ಳಿ" ಎಂದರು.

ಸಹೋದ್ಯೋಗಿಯೊಬ್ಬರ ಪರಿಚಯದಿಂದ ಬಂಟ್ವಾಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆ ಸಿಕ್ಕಿತು. ಅದರ ಮಾಲೀಕ ನನಗಿಂತ ಸ್ವಲ್ಪ ಚಿಕ್ಕವನು. ಕೆಲಸದವರೆಲ್ಲ ಅವನನ್ನು ಧಣಿ ಎನ್ನುತ್ತಿದ್ದರು. ಮೊದಲ ಭೇಟಿಯಲ್ಲಿ ಕಾಲೇಜಿನ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. ನಾನು ಎದುರಿಗೆ ಕೂತಿರುವಾಗಲೇ ಕಾಲೇಜಿಗೆ ಫೋನ್ ಮಾಡಿ ಅಂಥ ಹೆಸರಿನವರು ಇದ್ದಾರೆಯೇ ಎಂದು ವಿಚಾರಿಸಿದ.

"ಬೇಜಾರು ಮಾಡ್ಕೊಳ್ಬೇಡಿ ಮೇಡಂ. ಈ ಲೈನಲ್ಲಿ ಯಾರು ಯಾರ ಕಡೆಯವರು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಫೋಟೋ ಮಾತ್ರ ತೆಗೀಬಾರ್ದು."

ಆ ವಾರ ಅಳದಂಗಡಿಯ ತವರಿಗೆ ಹೋದಾಗ ಅಮ್ಮನಿಗೆ ಈ ಕಾರ್ಖಾನೆಯ ವಿಷಯ ಹೇಳಿದೆ. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಟ್ಟುಗಳನ್ನು ಬಿಚ್ಚಿ ನೋಡಿ, ಒಳ್ಳೆಯ ಬೀಡಿಯನ್ನೂ ಬದಿಗೆ ಎಸೆಯುತ್ತಿದ್ದ ಚೆಕ್ಕರನ ಮುಖ ಅವಳಿಗೆ ಈಗಲೂ ನೆನಪಿದೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಲೆಕ್ಕ ಮಾಡ್ಲಿಕ್ಕೆ ಬಂದವ ಕೊಡ್ಲಿಕ್ಕೆ ಬರುದಿಲ್ಲ ಮಗಾ. ಅವರು ನಿನ್ನನ್ನು ನಂಬುದಿಲ್ಲ" ಎಂದಳು. ಅಮ್ಮ ಸುಮ್ಮನೆ ಹೆದರಿಸುತ್ತಾಳೆ ಅನ್ನಿಸಿತು.

ಮುಂದಿನ ಶನಿವಾರ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದೆ. ಹಸಿ ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಒಳಗಿನ ತಿರುಳನ್ನು ಬೋರ್ಮದಲ್ಲಿ ಒಣಗಿಸುತ್ತಾರೆ. ಬೋರ್ಮ ಎಂದರೆ ಬಿಸಿಗಾಳಿಯ ದೊಡ್ಡ ಗೂಡು. ಅಲ್ಲಿಂದ ಬಂದ ತಿರುಳಿನ ಕೆಂಪು ಸಿಪ್ಪೆಯನ್ನು ಚಿಕ್ಕ ಚೂರಿಯಿಂದ ಬಿಡಿಸುವುದು ಹೆಂಗಸರ ಕೆಲಸ. ಒಂದು ಮೇಜಿನವರೆಲ್ಲ ಸೇರಿ ಬಿಡಿಸಿದ್ದನ್ನು ಸೂಪರ್‌ವೈಸರ್ ಒಟ್ಟಿಗೆ ತೂಗುತ್ತಾರೆ, ಆ ತೂಕಕ್ಕೆ ಕೂಲಿ. ತಿರುಳು ತುಂಡಾದರೆ ಕೂಲಿ ಇಳಿಯುತ್ತದೆ. ಉದ್ದನೆಯ ಮೇಜುಗಳ ಎರಡೂ ಬದಿಗೆ ಅವರು ಕೂತಿದ್ದರು. ತುಳುವಿನಲ್ಲಿ ಜೋರಾಗಿ ಮಾತು ನಡೆದಿತ್ತು. ನಾನು ಚೀಲದಿಂದ ಸ್ಟಾಪ್‌ವಾಚ್ ತೆಗೆದದ್ದೇ ತಡ, ಮಾತು ನಿಂತಿತು.

ಮೇಜಿನ ತುದಿಯಲ್ಲಿದ್ದ ಹೆಂಗಸು ತಲೆ ಎತ್ತಿ ನೋಡಿದರು. ಐವತ್ತು ದಾಟಿದ ವಯಸ್ಸು. ನರಿಕೊಂಬಿನಿಂದ ಬರುವವರು ಎಂದು ಆಮೇಲೆ ಗೊತ್ತಾಯಿತು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

"ಟೀಚರ್, ಆ ವಾಚ್ ಯಾರದ್ದು? ಧಣಿಗಳು ಕೊಟ್ಟದ್ದಾ?"

"ಅಲ್ಲ ಅಕ್ಕ, ಕಾಲೇಜಿದ್ದು. ಇದು ನನ್ನ ಓದಿಗೆ."

"ಇಷ್ಟು ದೊಡ್ಡ ಆದ ಮೇಲೂ ಓದ್ಲಿಕ್ಕೆ ಉಂಟಾ?" ಎಂದರು. ಯಾರೂ ನಗಲಿಲ್ಲ.

ಆ ದಿನ ಅಳೆದ ಸಮಯಗಳೆಲ್ಲ ವಿಚಿತ್ರವಾಗಿದ್ದವು. ನಾನು ನಿಂತ ಮೇಜಿನಲ್ಲಿ ಕೈಗಳು ನಿಧಾನವಾಗುತ್ತಿದ್ದವು. ಆಚೆ ಹೋದರೆ ಬೆನ್ನ ಹಿಂದೆ ಚೂರಿಗಳ ಸದ್ದು ಚುರುಕಾಗುತ್ತಿತ್ತು. ಕೈ ಓಡುವುದನ್ನು ತೋರಿಸಿದರೆ ನಾಳೆ ಅಷ್ಟೇ ಕೂಲಿಗೆ ಹೆಚ್ಚು ಕೆಲಸ ಕೇಳುತ್ತಾರೆ ಎಂಬ ಭಯ ಅದು. ಪಠ್ಯಪುಸ್ತಕದಲ್ಲಿ ಅದರ ಬಗ್ಗೆ ಒಂದು ಪ್ಯಾರಾ ಇದೆ, ನಾನೇ ಪಾಠ ಮಾಡಿದ್ದೇನೆ. ಎದುರು ನಿಂತು ಅನುಭವಿಸಿದಾಗ ಮಾತ್ರ ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು.

ಸ್ಟಾಪ್‌ವಾಚನ್ನು ಚೀಲದಲ್ಲೇ ಬಿಟ್ಟು, ಕೆಲವು ಶನಿವಾರ ಅವರ ಜೊತೆ ಕೂತು ನಾನೂ ಸಿಪ್ಪೆ ಬಿಡಿಸಿದೆ. ನನ್ನ ಕೈಯಲ್ಲಿ ಇಡೀ ಬೀಜಕ್ಕಿಂತ ತುಂಡೇ ಹೆಚ್ಚು. ಅದನ್ನು ನೋಡಿ ನಕ್ಕರು, ಊಟದ ಡಬ್ಬದಿಂದ ಒಣಮೀನಿನ ಚಟ್ನಿ ಬಡಿಸಿದರು. ಆದರೂ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಇವರ ನಗು ನಿಜವೋ, ಅಥವಾ ಧಣಿಯ ಕಿವಿಗೆ ಹೋಗಲಿ ಎಂದು ನನ್ನ ಮುಂದೆ ಬೇಕಾದ ಮಾತನ್ನಷ್ಟೇ ಆಡುತ್ತಿದ್ದಾರೋ? ಅವರೂ ನನ್ನ ಬಗ್ಗೆ ಅದನ್ನೇ ಯೋಚಿಸುತ್ತಿದ್ದಿರಬೇಕು.

ಒಂದು ದಿನ ಅಕ್ಕ ತಾವಾಗಿಯೇ ಕೇಳಿದರು. "ನೀವು ಟೈಮ್ ಬರ್ಕೊಳ್ದೆ ನಿಮ್ಮ ಓದು ಮುಗಿಯುದಿಲ್ಲವಾ?"

"ಮುಗಿಯುವುದಿಲ್ಲ ಅಕ್ಕ."

"ಹಾಗಾದ್ರೆ ಬರ್ಕೊಳ್ಳಿ. ಆದ್ರೆ ಹೆಸರು ಹಾಕ್ಬಾರ್ದು. ಯಾರು ಬೇಗ, ಯಾರು ತಡ ಅಂತ ಯಾರಿಗೂ ಗೊತ್ತಾಗ್ಬಾರ್ದು. ಮಾತು ಕೊಡಿ."

ಮಾತು ಕೊಟ್ಟೆ. ಹೆಸರಿನ ಬದಲು ಅಕ್ಷರಗಳನ್ನು ಬರೆದುಕೊಂಡೆ. ಯಾವ ಅಕ್ಷರ ಯಾರು ಎಂಬುದನ್ನು ಎಲ್ಲೂ ಬರೆದಿಡಲಿಲ್ಲ.

ಅಲ್ಲಿಂದ ಕೆಲಸ ಸಾಗಿತು. ಅಂಕಿಗಳನ್ನು ಕೂಡಿಸಿ ನೋಡಿದಾಗ, ಆ ಕಾರ್ಖಾನೆಯ ತೊಂದರೆ ಹೆಂಗಸರ ಕೈಯಲ್ಲಿ ಇರಲೇ ಇಲ್ಲ. ಬೋರ್ಮದಿಂದ ಬೆಳಿಗ್ಗೆ ತಿರುಳು ಬರುವುದು ತಡ. ಅಲ್ಲಿಯವರೆಗೆ ಅವರು ಬರಿಗೈಯಲ್ಲಿ ಕೂರಬೇಕು, ಕೂಲಿ ಇಲ್ಲ. ಮಧ್ಯಾಹ್ನದ ಮೇಲೆ ರಾಶಿ ರಾಶಿ ಬಂದು ಬೀಳುತ್ತದೆ, ಅವಸರದಲ್ಲಿ ತುಂಡಾಗುತ್ತದೆ, ಅದಕ್ಕೂ ಕೂಲಿ ಕಡಿತ. ಬೀಜ ಬೇಯಿಸುವ ಹೊತ್ತನ್ನು ಬದಲಾಯಿಸಿದರೆ ಧಣಿಗೂ ಲಾಭ, ಹೆಂಗಸರಿಗೂ ಲಾಭ ಎಂದು ನನ್ನ ಲೆಕ್ಕ ಹೇಳಿತು. ಪದವಿಗೆ ಎರಡು ಲೇಖನ ಪ್ರಕಟವಾಗಬೇಕಿತ್ತು. ಇದರಿಂದ ಮೊದಲನೆಯದು ಸ್ವೀಕಾರವಾಯಿತು. ಕೆಲವು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ಪ್ರಗತಿ ವರದಿ ಕೊಡಬೇಕಿತ್ತು. ಆ ಸಲ ಸಮಿತಿಯ ಒಬ್ಬರು ಕೇಳಿದರು: "ಕಾಗದದ ಮೇಲೆ ಚೆನ್ನಾಗಿದೆ. ಕಾರ್ಖಾನೆಯವರು ಒಪ್ಪಿದ್ದಾರಾ? ನಿಮ್ಮ ಅಧ್ಯಯನ ಉಪಯುಕ್ತ ಅಂತ ಅವರ ಕಡೆಯಿಂದ ಒಂದು ಪತ್ರ ತನ್ನಿ." ಗೈಡ್ ಕೂಡ ತಲೆಯಾಡಿಸಿದರು. ಪ್ರಬಂಧ ಸಲ್ಲಿಸುವ ಮೊದಲು ಎಲ್ಲರೆದುರು ಮಂಡಿಸುವ ಒಂದು ಸೆಮಿನಾರ್ ಇರುತ್ತದೆ. ಅದರೊಳಗೆ ಪತ್ರ ಬರಬೇಕು ಎಂದಾಯಿತು.

ಧಣಿ ಕೋಣೆಗೆ ಕರೆದು ಚಾ ತರಿಸಿದ. "ಲೆಟರಿಗೆ ಎಂಥ ಮೇಡಂ, ಕೊಡುವ. ನೀವೇ ಟೈಪ್ ಮಾಡಿ ತನ್ನಿ, ನಾನು ಸೈನ್ ಹಾಕ್ತೇನೆ" ಎಂದವನು, ನಾನು ಎದ್ದು ಹೊರಡುವಾಗ ಸೇರಿಸಿದ: "ಹಾಗೆಯೇ ಆ ಟೈಮಿಂಗಿನ ಶೀಟ್ ಒಂದು ಕೊಡಿ. ಅಕ್ಷರ ಬೇಡ. ಹೆಸರು ಹಾಕಿ."

"ಹೆಸರು ಯಾಕೆ?"

"ಸುಮ್ಮನೆ. ಚೆನ್ನಾಗಿ ಮಾಡುವವರಿಗೆ ಬೋನಸ್ ಕೊಡ್ಬಹುದಲ್ಲ?"

ಅವನು ನಕ್ಕ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಹೊರಗೆ ಬಂದಾಗ ಸಿಪ್ಪೆ ಬಿಡಿಸುವ ಕಟ್ಟಡದ ಹಿಂದಿನ ಜಾಗ ಕಣ್ಣಿಗೆ ಬಿತ್ತು. ಹಳೆಯ ಗೋಣಿಚೀಲಗಳನ್ನೆಲ್ಲ ತೆಗೆದು, ನೆಲಕ್ಕೆ ದಪ್ಪ ಕಾಂಕ್ರೀಟ್ ಹಾಕಿದ್ದರು. ಗೋಡೆಯ ಮೇಲೆ ಹೊಸ ವಯರಿಂಗ್ ಆಗಿತ್ತು. ಇದು ಎಂಥಕ್ಕೆ ಎಂದು ವಾಚ್‌ಮ್ಯಾನನ್ನು ಕೇಳಿದೆ. "ಎಂಥದ್ದೋ ಮೆಷಿನ್ ಬರ್ತದಂತೆ, ನಂಗೆ ಗೊತ್ತಿಲ್ಲ" ಎಂದ. ಯಂತ್ರ ಬಂದರೆ ಕೆಲವರು ಸಾಕು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಬೋನಸ್ ಎಂಬುದೂ ನಿಜವಿರಬಹುದು. ಬೋನಸ್ ಕೊಡಲು ಕಾಂಕ್ರೀಟ್ ಯಾಕೆ?

ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸುತ್ತಾ, "ಅವರ ಕಾರ್ಖಾನೆ, ಅವರ ಜನ. ಕೊಟ್ಟುಬಿಡಿ ಮೇಡಂ. ನಿಮ್ಮ ಕೆಲಸ ಆಗಲಿ" ಎಂದುಬಿಟ್ಟರು. ಅಷ್ಟು ಸುಲಭದಲ್ಲಿ ಅವರು ಹಾಗೆ ಹೇಳಿಯಾರು ಎಂದು ನಾನು ಭಾವಿಸಿರಲಿಲ್ಲ. ಅದಾಗಿ ಎರಡು ದಿನಕ್ಕೆ ಕಾಲೇಜಿನ ಅಂಗಳದಲ್ಲಿ ಧಣಿಯ ಕಾರು ನಿಂತಿತ್ತು. ಗೈಡ್ ಅವನನ್ನು ಕಾರಿನವರೆಗೆ ಬಿಟ್ಟು, ಕೈಕುಲುಕಿ ಹಿಂದೆ ಬಂದರು. ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ.

ಆ ವಾರ ನನಗೆ ಯಾರ ಮುಖ ನೋಡಿದರೂ ಸಂಶಯ. ಅಕ್ಷರಗಳಷ್ಟೇ ಇದ್ದರೂ, ಅಂಕಿಗಳಿದ್ದ ಫೈಲುಗಳನ್ನು ವಿಭಾಗದ ಕಂಪ್ಯೂಟರಿನಿಂದ ಅಳಿಸಿ ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡೆ. ಗೈಡಿಗೆ ತೋರಿಸಬೇಕಿದ್ದ ಅಧ್ಯಾಯವನ್ನು ಕೊಡದೆ, ಜ್ವರ ಎಂದು ಹೇಳಿದೆ. ಬೆಳ್ತಂಗಡಿಯಲ್ಲಿ ಕೆಲಸ ಮಾಡುವ ಗಂಡ ಸಂಜೆ ಬಂದವರು ನನ್ನ ಅವಸ್ಥೆ ನೋಡಿ, "ಅವರನ್ನೇ ಕೇಳಿಬಿಡು ಮಾರಾಯ್ತಿ. ಹೆಚ್ಚೆಂದರೆ ಬೈತಾರೆ" ಎಂದರು.

ಕೇಳಿಯೇಬಿಟ್ಟೆ. "ಸರ್, ಅವರು ಯಾಕೆ ಬಂದಿದ್ದರು?"

ಗೈಡ್ ಅವರ ಮುಖ ಕೆಂಪಾಯಿತು. "ಅವರ ಸಂಬಂಧಿಕರ ಮಗನಿಗೆ ಇಲ್ಲಿ ಸೀಟಿನ ವಿಷಯ ಕೇಳಲಿಕ್ಕೆ ಬಂದದ್ದು. ನೀವು ಎಂಥ ಗ್ರಹಿಸಿದಿರಿ? ನಾನು ನಿಮ್ಮ ಶೀಟನ್ನು ಮಾರಿದೆ ಅಂತವಾ?"

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಮೆಲ್ಲ ಹೇಳಿದರು: "ನೀವು ನನ್ನ ಕೊನೆಯ ವಿದ್ಯಾರ್ಥಿ. ನಾನು ಹೋಗುವ ಮೊದಲು ನಿಮ್ಮದು ಮುಗಿಯಲಿ ಅಂತ ಆಸೆ. ಅದಕ್ಕೇ ಕೊಟ್ಟುಬಿಡಿ ಅಂದೆ. ತಪ್ಪಾಯಿತೋ ಏನೋ. ಪತ್ರ ಇಲ್ಲದೆ ಮಾಡುವ. ಆದರೆ ಕಷ್ಟ ಉಂಟು, ಇನ್ನೂ ಒಂದು ವರ್ಷ ಹಿಡಿದೀತು."

ಅವರ ಮಾತನ್ನು ಆ ದಿನ ನಾನು ಪೂರ್ತಿ ನಂಬಿದೆ ಎನ್ನಲಾರೆ. ಆದರೆ ನಿವೃತ್ತಿಯ ನಂತರವೂ ನನ್ನ ಗೈಡ್ ಆಗಿ ಮುಂದುವರಿಯಲು ವಿಶ್ವವಿದ್ಯಾಲಯದ ಅನುಮತಿ ತಂದವರು ಅವರೇ. ಪಿಂಚಣಿಯ ಕಾಗದಪತ್ರಗಳಿಗೆ ಓಡಾಡುವ ನಡುವೆಯೇ ನನ್ನ ಅಧ್ಯಾಯಗಳನ್ನು ತಿದ್ದಿದರು.

ಧಣಿಗೆ ಹೆಸರು ಕೊಡಲಾಗದು ಎಂದು ತಿಳಿಸಿದೆ. "ಪರವಾಗಿಲ್ಲ ಮೇಡಂ" ಎಂದು ಬಹಳ ವಿನಯದಿಂದ ಫೋನ್ ಇಟ್ಟ. ಮುಂದಿನ ಶನಿವಾರ ಗೇಟಿನಲ್ಲಿ ವಾಚ್‌ಮ್ಯಾನ್ ತಡೆದ. "ಪರ್ಮಿಶನ್ ಮುಗಿದಿದೆಯಂತೆ ಟೀಚರ್. ನಂಗೆ ಹೇಳಿದ್ದು ಅಷ್ಟೇ." ಒಳಗೆ ಅಕ್ಕನ ಧ್ವನಿ ಕೇಳುತ್ತಿತ್ತು. ಯಾಕೆ ಬರುವುದಿಲ್ಲ ಎಂದು ಅವರಿಗೆ ಒಂದು ಮಾತು ಹೇಳಿ ಹೋಗಲೂ ಆಗಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರ ಬಂದ ಸುದ್ದಿ ಸಿಕ್ಕಿತು. ಒಂದು ಸಂಜೆ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಅಕ್ಕ ಎದುರಾದರು. ನಾನು ನಗುತ್ತ ಹತ್ತಿರ ಹೋದೆ. ಅವರು ನಗಲಿಲ್ಲ.

"ನಮ್ಮ ಮೇಜಿನ ಅರ್ಧ ಜನ ಈಗ ಇಲ್ಲ ಟೀಚರ್. ನನ್ನನ್ನೂ ಬೇಡ ಅಂದ್ರು. ನೀವು ಬಂದು ಹೋದ ಮೇಲೆಯೇ ಮೆಷಿನ್ ಬಂದದ್ದು."

"ನಾನು ಯಾರ ಹೆಸರನ್ನೂ ಕೊಡಲಿಲ್ಲ ಅಕ್ಕ. ಕೇಳಿದರು, ಕೊಡಲಿಲ್ಲ. ಅದಕ್ಕೇ ನನ್ನನ್ನೂ ಒಳಗೆ ಬಿಡಲಿಲ್ಲ."

"ಇರಬಹುದು" ಎಂದರು ಅಕ್ಕ.

ಆ 'ಇರಬಹುದು' ಎಂಬ ಮಾತಿಗಿಂತ ಬೈದಿದ್ದರೆ ಚೆನ್ನಾಗಿತ್ತು. ಬಸ್ಸು ಬಂತು, ಹತ್ತಿ ಹೋದರು.

ಪತ್ರದ ಬದಲು ಕಂಪ್ಯೂಟರಿನಲ್ಲಿ ಆ ಕಾರ್ಖಾನೆಯ ಮಾದರಿಯನ್ನೇ ಕಟ್ಟಿದೆ. ಅರ್ಧದಷ್ಟು ಶನಿವಾರಗಳ ಅಂಕಿಗಳನ್ನು ಅದಕ್ಕೆ ಕೊಟ್ಟು, ಉಳಿದ ಶನಿವಾರಗಳಲ್ಲಿ ಏನಾಗಿತ್ತು ಎಂಬುದನ್ನು ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡುವುದು. ತಿಂಗಳುಗಟ್ಟಲೆ ಹೇಳಲಿಲ್ಲ. ನಂತರ ಹೇಳತೊಡಗಿತು. ಅದೇ ಎರಡನೆಯ ಲೇಖನವಾಯಿತು. ಸೆಮಿನಾರ್ ಮುಗಿಯಿತು. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಪ್ರಬಂಧವನ್ನು ಹಾಕಿದಾಗ, ನನ್ನದೇ ಮೊದಲ ಲೇಖನದಿಂದ ನಾನು ಕದ್ದಿದ್ದೇನೆ ಎಂದು ಅದು ಕೆಂಪು ಬಣ್ಣದಲ್ಲಿ ತೋರಿಸಿತು. ಆ ಸಾಲುಗಳನ್ನು ಪುನಃ ಬರೆದು ಪ್ರಬಂಧ ಸಲ್ಲಿಸಿದೆ. ಬೇರೆ ಬೇರೆ ಊರಿನ ಇಬ್ಬರು ಪರೀಕ್ಷಕರಿಗೆ ಅದು ಹೋಯಿತು. ಅವರು ಯಾರು ಎಂದು ನಮಗೆ ಹೇಳುವುದಿಲ್ಲ. ಆಮೇಲೆ ತಿಂಗಳುಗಳ ಮೌನ.

ಆ ಮೌನದಲ್ಲಿ ಒಂದು ಭಾನುವಾರ ಪ್ರಬಂಧದ ಪ್ರತಿಯನ್ನು ಹಿಡಿದುಕೊಂಡು, ರಿಕ್ಷಾ ಮಾಡಿ ನರಿಕೊಂಬಿಗೆ ಹೋದೆ. ಅಕ್ಕ ಮೆಟ್ಟಿಲ ಮೇಲೆಯೇ ನಿಂತು ಮಾತಾಡಿಸಿದರು. ಕೂತುಕೊಳ್ಳಿ ಎಂದದ್ದು ಸ್ವಲ್ಪ ತಡವಾಗಿ. ಬೆಲ್ಲ, ನೀರು ತಂದಿಟ್ಟರು. ಕಾಲೇಜು ಓದಿದ ಮಗಳನ್ನು ಕರೆದು ಪುಸ್ತಕವನ್ನು ಅವಳ ಕೈಗೆ ಕೊಟ್ಟು, "ನಮ್ಮ ಯಾರ್ದಾದ್ರೂ ಹೆಸರು ಉಂಟಾ ನೋಡು" ಎಂದರು. ನಾನಲ್ಲಿ ಕೂತಿದ್ದ ಹಾಗೆಯೇ ಮಗಳು ಒಂದೊಂದೇ ಪುಟ ತಿರುಗಿಸಿದಳು. "ಇಲ್ಲಮ್ಮ. ಬರೀ ಅಕ್ಷರಗಳು."

ಅಕ್ಕ ಪುಸ್ತಕದ ಮೇಲೆ ಬಾಗಿದರು. "ಇದರಲ್ಲಿ ನಾನು ಯಾವ ಅಕ್ಷರ?"

"ಅದು ಹೇಳಲಿಕ್ಕೆ ಇಲ್ಲ ಅಕ್ಕ."

"ನನ್ನದೇ ಅಲ್ಲವಾ? ನನಗೂ ಹೇಳುದಿಲ್ಲವಾ?"

"ನಿಮಗೆ ಹೇಳಿದರೆ ಉಳಿದವರದ್ದು ಯಾವುದು ಅಂತ ಗ್ರಹಿಸಲಿಕ್ಕೆ ಸುಲಭ. ಯಾರಿಗೂ ಗೊತ್ತಾಗಬಾರದು ಅಂತ ನೀವೇ ಹೇಳಿದ್ದಲ್ಲವಾ?"

ಅವರು ನನ್ನನ್ನು ಒಂದು ಗಳಿಗೆ ನೋಡಿ ಜೋರಾಗಿ ನಕ್ಕರು. "ನಂಗೇ ಹೇಳದವರು ಧಣಿಗಳಿಗೆ ಹೇಳಿರ್ಲಿಕ್ಕಿಲ್ಲ" ಎಂದು ಮಗಳಿಗೆ ಹೇಳಿ, ಚಾ ಇಡಲು ಒಳಗೆ ಹೋದರು. ಮಗಳಿಗೆ ಮಾತ್ರ ಸಮಾಧಾನ ಆದಂತೆ ಕಾಣಲಿಲ್ಲ. ಕೊನೆಯ ಪುಟದವರೆಗೂ ನೋಡಿಯೇ ಪುಸ್ತಕ ಮುಚ್ಚಿದಳು.

ಚಾ ಕುಡಿಯುವಾಗ ಅಕ್ಕ ತಮ್ಮ ಸುದ್ದಿ ಹೇಳಿದರು. ವಿಟ್ಲದ ಕಡೆ ಒಂದು ಸಣ್ಣ ಘಟಕದಲ್ಲಿ ಅದೇ ಕೆಲಸ ಸಿಕ್ಕಿದೆ, ಬಸ್ಸು ಎರಡು ಹಿಡಿಯಬೇಕು, ಮೊದಲಿನಷ್ಟು ಸಿಗುವುದಿಲ್ಲ.

ಕೊನೆಗೂ ಪರೀಕ್ಷಕರ ವರದಿಗಳು ಬಂದು ಮೌಖಿಕ ಪರೀಕ್ಷೆಯ ದಿನ ನಿಗದಿಯಾಯಿತು. ಅದು ಬಾಗಿಲು ತೆರೆದಿಟ್ಟು ನಡೆಯುವ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ನನ್ನ ನೋವಿಗೇ ಕೈ ಹಾಕಿದರು.

"ಕಾರ್ಖಾನೆಯ ಪತ್ರ ಇಲ್ಲ. ಹೆಸರುಗಳಿಲ್ಲ. ಫೋಟೋ ಇಲ್ಲ. ಈ ಅಂಕಿಗಳನ್ನು ನೀವು ಮನೆಯಲ್ಲಿ ಕೂತು ಬರೆದದ್ದಲ್ಲ ಎಂದು ನಾನು ಹೇಗೆ ನಂಬಬೇಕು?"

ಪತ್ರ ಯಾಕಿಲ್ಲ ಎಂದು ನಡೆದದ್ದನ್ನು ಹೇಳಿದೆ. ಅವರ ಮುಖ ಬದಲಾಗಲಿಲ್ಲ. "ಅದು ನಿಮ್ಮ ಮಾತು" ಎಂದರು. ಪರೀಕ್ಷಕರು ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಕೆಲವು ವಾರ ಎಲ್ಲರ ವೇಗವೂ ಒಟ್ಟಿಗೆ ಇಳಿದಿದೆ. ಯಾಕೆ?"

"ಅದು ಆಟಿ ತಿಂಗಳ ಜಡಿಮಳೆ ಸರ್. ಗಾಳಿಯಲ್ಲಿ ಪಸೆ ಇದ್ದರೆ ಬೋರ್ಮದಿಂದ ಹೊರಗೆ ಬಂದ ತಿರುಳು ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ, ಸಿಪ್ಪೆ ಅಂಟಿಕೊಳ್ಳುತ್ತದೆ. ಕೆರೆದರೆ ಗಾಯವಾಗಿ ತಿರುಳಿನ ಬೆಲೆ ಇಳಿಯುತ್ತದೆ. ಆ ದಿನಗಳಲ್ಲಿ ನಾನು ಬಿಡಿಸಿದ್ದೆಲ್ಲ ತುಂಡೇ. ಮೇಜಿನವರು ನನ್ನ ತಟ್ಟೆಯನ್ನು ಬೇರೆ ಇಟ್ಟಿದ್ದರು, ತಮ್ಮದಕ್ಕೆ ಸೇರದ ಹಾಗೆ."

ಹಿಂದೆ ಕೂತವರಲ್ಲಿ ಕೆಲವರು ನಕ್ಕರು. ಪರೀಕ್ಷಕರು ನಗಲಿಲ್ಲ. ಬೆರಳನ್ನು ಪಟ್ಟಿಯಿಂದ ತೆಗೆದು, "ಇದನ್ನು ಪ್ರಬಂಧದಲ್ಲಿ ಬರೆಯಬೇಕಿತ್ತು. ಒಂದು ಪ್ಯಾರಾ ಸೇರಿಸಿ" ಎಂದರು. ಮುಂದಿನ ಪ್ರಶ್ನೆಗಳೆಲ್ಲ ಗಣಿತದ ಬಗ್ಗೆ ಇದ್ದವು. ಸಂಜೆಯ ಒಳಗೆ, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಓದಿ ಹೇಳಿದರು. ಗೈಡ್ ಎದ್ದು ಬಂದು ಕೈಕುಲುಕಿದರು. ಅವರನ್ನು ನಾನು ಅನುಮಾನಿಸಿದ ದಿನಗಳು ಆಗ ನೆನಪಾಗಿ ತಲೆ ತಗ್ಗಿಸಿದೆ.

ಪದವಿ ಅಧಿಕೃತವಾಗಿ ಪ್ರಕಟವಾದ ಸ್ವಲ್ಪ ದಿನಕ್ಕೆ ಧಣಿಯ ಫೋನ್ ಬಂತು.

"ಕಂಗ್ರಾಜುಲೇಶನ್ಸ್ ಮೇಡಂ. ನಿಮ್ಮ ಪೇಪರನ್ನು ಒಬ್ಬರ ಹತ್ರ ಓದಿಸಿದೆ. ಬೇಯಿಸುವ ಟೈಮ್ ಚೇಂಜ್ ಮಾಡಿದ್ದೇವೆ. ಈಗ ಬೆಳಿಗ್ಗೆ ಯಾರೂ ಸುಮ್ಮನೆ ಕೂರುದಿಲ್ಲ. ಲೆಟರ್ ಬೇಕಾದ್ರೆ ಕೊಡುವ."

"ಈಗ ಬೇಡ" ಎಂದೆ. "ಆಗ ಹೆಸರು ಕೇಳಿದ್ದು ನಿಜವಾಗಿ ಯಾಕೆ?"

"ಅಯ್ಯೋ, ನೀವು ಅದನ್ನು ಇನ್ನೂ ಇಟ್ಟುಕೊಂಡಿದ್ದೀರಾ? ಬೋನಸಿಗೆ ಅಂತ ಹೇಳಿದೆನಲ್ಲ."

"ಯಾರನ್ನು ಬಿಡುವುದು ಅಂತ ಮತ್ತೆ ಹೇಗೆ ತೀರ್ಮಾನ ಮಾಡಿದಿರಿ?"

"ಸೂಪರ್‌ವೈಸರ್ ಇದ್ದಾರಲ್ಲ ಮೇಡಂ. ಅವರಿಗೆ ಎಲ್ಲ ಗೊತ್ತುಂಟು" ಎಂದು, ಕಾರ್ಖಾನೆಯ ಕಡೆ ಬಂದರೆ ಖಂಡಿತ ಸಿಗಬೇಕು ಎಂದು ಹೇಳಿ ಫೋನ್ ಇಟ್ಟ.

ಆ ಸಂಜೆ ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದೆ. ನಾನು ಹೆಸರು ಕೊಡದಿದ್ದರಿಂದ ಒಬ್ಬರ ಕೆಲಸವೂ ಉಳಿದಿರಲಿಲ್ಲ. ಗಂಡ ಬಂದು ಏನು ವಿಷಯ ಎಂದು ಕೇಳಿದರು. ಹೇಳಿದೆ. "ಅವ ಸೂಪರ್‌ವೈಸರ್ ಅಂದದ್ದು ನಿಜವಾ, ಅಲ್ಲ ನಿನ್ನ ಪೇಪರಿನ ಅಕ್ಷರಗಳಿಂದಲೇ ಯಾರು ಯಾರು ಅಂತ ಪತ್ತೆ ಮಾಡಿದನಾ?" ಎಂದರು. ಗೊತ್ತಿಲ್ಲ ಎಂದೆ. ಈಗಲೂ ಗೊತ್ತಿಲ್ಲ.